ಹೊಟ್ಟೆನೋವಿಗೂ ಒಂದು ಕ್ಯಾಲೆಂಡರ್

ಮದ್ದೂರು–ಮಳವಳ್ಳಿ ರಸ್ತೆಯ ಹಳ್ಳಿಯೊಂದರ ಹುಡುಗಿ. ಮಂಡ್ಯದಲ್ಲಿ ದ್ವಿತೀಯ ಪಿ.ಯು. ಓದು. ಬೆಳಿಗ್ಗೆ ಒಂದು ಬಸ್ಸು ಹಿಡಿದು ಮದ್ದೂರಿಗೆ, ಅಲ್ಲಿಂದ ಇನ್ನೊಂದು ಹತ್ತಿ ಮಂಡ್ಯಕ್ಕೆ. ವಾರಕ್ಕೊಂದೆರಡು ಸಲ ಅವಳ ಹೊಟ್ಟೆ ನುಲಿಯುವುದುಂಟು. ಆದರೆ ತಿಂಗಳಲ್ಲಿ ಮೂರ್ನಾಲ್ಕು ದಿನ ತಾಳಲಾಗದ ನೋವು, ಉಬ್ಬರ, ಬಸ್ಸಿನಲ್ಲಿ ಕುಳಿತೊಡನೆ ಕಕ್ಕಸಿಗೆ ಅವಸರ. ಆ ಹೆದರಿಕೆಗೆ ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದಳು. ಕೊನೆಗೆ ಹೊರಡುವುದನ್ನೇ ಬಿಟ್ಟಳು. ಹಾಜರಿ ಕುಸಿಯಿತು.

"ಪರೀಕ್ಷೆ ಅಂದ್ರೆ ಸಾಕು, ನಿಂಗೆ ಹೊಟ್ಟೆನೋವು ಬತ್ತದೆ" ಎಂದು ಅವ್ವ ಗದರಿದಳು. ಅಪ್ಪನ ಎದುರು ಹುಡುಗಿ ಬಾಯಿ ಬಿಡುವಂತಿರಲಿಲ್ಲ.

ಮಂಡ್ಯದ ವೈದ್ಯೆಯೊಬ್ಬರು ಪರೀಕ್ಷಿಸಿ, ನೋವಾದ ದಿನ, ಮುಟ್ಟಾದ ದಿನ ಎರಡನ್ನೂ ಗುರುತು ಹಾಕಿಡಲು ಹೇಳಿದರು. ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಹಸು ಬೆದೆಗೆ ಬಂದ ದಿನವನ್ನು ಅವ್ವ ಅದರಲ್ಲೇ ಗುರುತಿಸುತ್ತಿದ್ದಳು. 21 ದಿನಕ್ಕೆ ಮತ್ತೆ ನೋಡಬೇಕಲ್ಲ! ಅದೇ ಹಾಳೆಯ ಮೇಲೆ ಮಗಳ ಚುಕ್ಕಿಗಳೂ ಬಿದ್ದವು. ಮೂರು ತಿಂಗಳಲ್ಲಿ ಲೆಕ್ಕ ಕಣ್ಣಿಗೇ ಕಂಡಿತು. ಕಡುನೋವಿನ ಚುಕ್ಕಿಗಳೆಲ್ಲ ಮುಟ್ಟಿನ ದಿನಗಳ ಸುತ್ತಲೇ ಇದ್ದವು. ಪರೀಕ್ಷೆಯ ದಿನಗಳ ಸುತ್ತ ಅಲ್ಲ.

ಅವಳದು ಐ.ಬಿ.ಎಸ್., ಅಂದರೆ ಸುಲಭವಾಗಿ ಕೆರಳುವ ಕರುಳಿನ ತೊಂದರೆ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೆ ಅಲ್ಲಿನ ನರಗಳು ಬಲು ಸೂಕ್ಷ್ಮ. ಮುಟ್ಟಿನ ವೇಳೆ ಗರ್ಭಕೋಶದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ಗರ್ಭಕೋಶವನ್ನು ಹಿಂಡುವ ಇವು ಪಕ್ಕದ ಕರುಳನ್ನೂ ಹಿಂಡಬಲ್ಲವು. ಅದೇ ಹೊತ್ತಿಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಮಟ್ಟ ಇಳಿದಿರುತ್ತದೆ. ಎಲ್ಲ ಹೆಣ್ಣುಮಕ್ಕಳಲ್ಲೂ ನಡೆಯುವ ಈ ಏರಿಳಿತ ಸೂಕ್ಷ್ಮ ಕರುಳಿಗೆ ಹೆಚ್ಚು ತಟ್ಟುತ್ತದೆ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸಂಶೋಧಕರು ಐ.ಬಿ.ಎಸ್. ಇದ್ದ 29 ಮಹಿಳೆಯರ ಗುದನಾಳದಲ್ಲಿ ಪುಟ್ಟ ಬಲೂನೊಂದನ್ನು ಮೆಲ್ಲಗೆ ಉಬ್ಬಿಸಿ, ಎಷ್ಟಕ್ಕೆ ಇರುಸುಮುರುಸಾಗುತ್ತದೆಂದು ಋತುಚಕ್ರದ ನಾಲ್ಕು ಹಂತಗಳಲ್ಲಿ ಅಳೆದರು. ಮುಟ್ಟಿನ ದಿನಗಳಲ್ಲಿ ಸಂವೇದನೆ ಉಳಿದೆಲ್ಲ ದಿನಗಳಿಗಿಂತ ಹೆಚ್ಚಿತ್ತು. ಆರೋಗ್ಯವಂತ ಮಹಿಳೆಯರಲ್ಲಿ ಈ ವ್ಯತ್ಯಾಸ ಕಂಡಿರಲಿಲ್ಲ. 2002ರಲ್ಲಿ ಪ್ರಕಟವಾದ ಅಧ್ಯಯನ ಇದು.

ದಿನ ಮೊದಲೇ ಗೊತ್ತಾದರೆ ಅರ್ಧ ಹೆದರಿಕೆ ಕಡಿಮೆ. ಆ ನಾಲ್ಕು ದಿನ ಹುರುಳಿ, ಅವರೆಕಾಳು, ಮದ್ದೂರು ವಡೆ ತನಗೆ ಒಗ್ಗುವುದಿಲ್ಲ ಎಂಬುದೂ ಹುಡುಗಿಗೆ ಆ ಲೆಕ್ಕದಿಂದಲೇ ತಿಳಿಯಿತು. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಹಿತ. ಮಾತ್ರೆ ಮಾತ್ರ ವೈದ್ಯರು ಹೇಳಿದರಷ್ಟೇ. ಮಲದಲ್ಲಿ ರಕ್ತ, ತೂಕ ಇಳಿತ, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ ಇದ್ದರೆ ಐ.ಬಿ.ಎಸ್. ಎಂದು ಸುಮ್ಮನಿರದೆ ತಡಮಾಡದೆ ತೋರಿಸಬೇಕು. ಮುಟ್ಟಿನ ನೋವು ಅತಿಯಾದರೆ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದೂ ನೋಡಬೇಕಾಗುತ್ತದೆ.

ಕ್ಯಾಲೆಂಡರಿನ ಮುಂದೆ ನಿಂತು ಅವ್ವ ಅಂದದ್ದು ಒಂದೇ ಮಾತು: "ಹಸೀನ ಲೆಕ್ಕ ಮಡಗಿದ್ದೆ, ಮಗಳ ಲೆಕ್ಕ ಮಡಗ್ನಿಲ್ವಲ್ಲ."

ನೋವು ಪೂರ್ತಿ ಹೋಗಿಲ್ಲ. ಆದರೆ ಚುಕ್ಕಿಯ ದಿನ ಹತ್ತಿರವಾದರೆ ಅವ್ವ ಅರ್ಧ ಗಂಟೆ ಮೊದಲೇ ಎದ್ದು ಗಂಜಿ ಕಾಯಿಸುತ್ತಾಳೆ. ಹುಡುಗಿ ಉಂಡು, ಸಾವಕಾಶವಾಗಿ ಎಲ್ಲ ಮುಗಿಸಿಕೊಂಡು, ಬಸ್ಸು ಹತ್ತುತ್ತಾಳೆ.