ಹುಲ್ಲುಗಾವಲಿನ ಕಾವಲುಗಾರ ‘ಮುಡಿ’

ಹಂಗೇರಿ ದೇಶದ ಪೂರ್ವಭಾಗದಲ್ಲಿ, ದೆಬ್ರೆತ್ಸೆನ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲೇ ಹುಲ್ಲು. ಗುಡ್ಡವಿಲ್ಲ, ಮರಗಳೂ ಅಪರೂಪ. ಅಲ್ಲಲ್ಲಿ ನಮ್ಮ ಏತವನ್ನೇ ಹೋಲುವ ಬಾವಿಗಳು, ಜೊಂಡು ಹೊದಿಸಿದ ಕೊಟ್ಟಿಗೆಗಳು. ಬೇಸಿಗೆಯ ಮಧ್ಯಾಹ್ನ ದಿಗಂತದಲ್ಲಿ ಬಿಸಿಲ್ಗುದುರೆ ಕುಣಿಯುತ್ತದೆ. ಇದೇ ಹೊರ್ತೊಬಾಜ್ ಬಯಲು. ಇಂಥ ಬಯಲಿಗೆ ಅಲ್ಲಿನವರು ‘ಪುಸ್ತಾ’ ಎನ್ನುತ್ತಾರೆ. ‘ಬರಿದಾದ ನೆಲ’ ಎಂದು ಅದರರ್ಥ.

ಇಲ್ಲಿನ ಮಣ್ಣು ಕ್ಷಾರಯುಕ್ತ. ಬೇಸಾಯಕ್ಕೆ ಒಗ್ಗದ ಈ ನೆಲ ಶತಮಾನಗಳಿಂದ ದನ, ಕುರಿ, ಕುದುರೆಗಳ ಮೇವಿನ ತಾಣ. 1833ರಲ್ಲಿ ಪೂರ್ಣಗೊಂಡ, 167 ಮೀಟರ್ ಉದ್ದದ ಒಂಬತ್ತು ಕಮಾನುಗಳ ಕಲ್ಲಿನ ಸೇತುವೆ ಇಲ್ಲಿನ ಪ್ರಮುಖ ಆಕರ್ಷಣೆ. 1973ರಲ್ಲಿ ಹೊರ್ತೊಬಾಜ್ ಹಂಗೇರಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಎರಡು ಬಗೆಯ ನಾಯಿಗಳು

ಹಂಗೇರಿಯ ದನಗಾಹಿಗಳು ಸಾಕುತ್ತಿದ್ದ ನಾಯಿಗಳಲ್ಲಿ ಎರಡು ಬಗೆ. ಕೊಮೊಂಡೊರ್, ಕುವಾಸ್ ಎಂಬ ಭಾರಿ ಬಿಳಿ ನಾಯಿಗಳ ಕೆಲಸ ರಾತ್ರಿ ತೋಳ, ಕಳ್ಳರಿಂದ ಮಂದೆಯನ್ನು ಕಾಯುವುದು. ಪುಲಿ, ಪುಮಿ, ಮುಡಿ ಎಂಬ ಚುರುಕಿನ ನಾಯಿಗಳ ಕೆಲಸ ಹಗಲಿಡೀ ಮಂದೆಯನ್ನು ಅಟ್ಟುವುದು, ಚದುರಿದ್ದನ್ನು ಕೂಡಿಸುವುದು. ಹಳಗನ್ನಡ ಓದಿದವರಿಗೆ ಪುಲಿ ಎಂದರೆ ಹುಲಿ. ಹಂಗೇರಿಯ ಪುಲಿಯಾದರೋ ಮೈತುಂಬ ಜಡೆಗಟ್ಟಿದ ಕೂದಲಿನ ಪುಟ್ಟ ನಾಯಿ. ಮುಡಿಗೂ ನಮ್ಮ ತುರುಬಿಗೂ ನಂಟಿಲ್ಲ. ಇದರ ಮುಖದ ಮೇಲೆ ಗಿಡ್ಡ ನಯವಾದ ಕೂದಲು, ಮೈಮೇಲೆ ಅಲೆಅಲೆಯಾದ ಗುಂಗುರು ತುಪ್ಪಳ, ನೆಟ್ಟಗೆ ನಿಂತ ಕಿವಿಗಳು. ಗಂಡಿನ ಎತ್ತರ 41ರಿಂದ 47 ಸೆಂ.ಮೀ., ತೂಕ 11ರಿಂದ 13 ಕಿಲೊ. ಹೆಣ್ಣು ತುಸು ಚಿಕ್ಕದು. ಕೆಲವು ಮರಿಗಳು ಮೋಟುಬಾಲದೊಂದಿಗೇ ಹುಟ್ಟುವುದೂ ಉಂಟು.

ಇಷ್ಟು ಸಣ್ಣ ಪ್ರಾಣಿ ತನಗಿಂತ ಹತ್ತಾರು ಪಟ್ಟು ಭಾರದ ದನಗಳನ್ನು ಅಂಕೆಯಲ್ಲಿಡುವುದು ಹೇಗೆ? ಉತ್ತರ ಅದರ ಪೂರ್ವಜನಾದ ತೋಳದಲ್ಲಿದೆ. ತೋಳದ ಬೇಟೆಗೆ ಒಂದು ಕ್ರಮವಿದೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು. ಕುರುಬರು ಅಟ್ಟುವ ಚಟವಿದ್ದೂ ಕೊಲ್ಲದ ನಾಯಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಸಾಕಿದರು. ಹೀಗೆ ಸರಣಿಯ ಕೊನೆಯ ಕೊಂಡಿ ಸಡಿಲವಾಯಿತು. ಪಠ್ಯಪುಸ್ತಕದಲ್ಲಿ ಬರುವ ‘ಕೃತಕ ಆಯ್ಕೆ’ ಎಂದರೆ ಇದೇ. ಬ್ರಿಟನ್ನಿನ ಬಾರ್ಡರ್ ಕೋಲಿ ನಾಯಿ ಮೌನವಾಗಿ, ನೋಟದಿಂದಲೇ ಕುರಿಗಳನ್ನು ನಡೆಸುತ್ತದೆ. ಮುಡಿಯದು ಬೇರೆ ರೀತಿ: ಬೊಗಳಿ, ನುಗ್ಗಿ, ಹಟಮಾರಿ ದನದ ಹಿಂಗಾಲಿಗೆ ಬಾಯಿ ಹಾಕಿ, ಒದೆ ಬೀಳುವ ಮುನ್ನವೇ ಪಕ್ಕಕ್ಕೆ ಜಿಗಿದುಬಿಡುತ್ತದೆ!

ಹೆಸರು ಬಂದದ್ದು ತಡವಾಗಿ

ದನಗಾಹಿಗಳಿಗೆ ನಾಯಿಯ ಅಂದಕ್ಕಿಂತ ಅದರ ಕೆಲಸ ಮುಖ್ಯವಾಗಿತ್ತು. 1936ರಲ್ಲಿ ವಸ್ತುಸಂಗ್ರಹಾಲಯವೊಂದರ ನಿರ್ದೇಶಕರಾಗಿದ್ದ ದೆಜೊ ಫೇನ್ಯೆಶ್ ಇದನ್ನು ಪ್ರತ್ಯೇಕ ತಳಿಯೆಂದು ಗುರುತಿಸಿದರು. ಅಷ್ಟರಲ್ಲೇ ಎರಡನೆಯ ಮಹಾಯುದ್ಧ ಬಂತು. ಹಂಗೇರಿಯ ನಾಯಿಗಳ ಸಂಖ್ಯೆ ತೀರಾ ಕುಸಿಯಿತು. ಉಳಿದ ಕೆಲವನ್ನು ಆಸಕ್ತರು ಹುಡುಕಿ ಬೆಳೆಸಿದರು. 1966ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಮನ್ನಣೆ ದೊರೆಯಿತು. 2004ರಲ್ಲಿ ಹಂಗೇರಿಯ ಸಂಸತ್ತು ತನ್ನ ದೇಶದ ನಾಯಿ ತಳಿಗಳನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿತು. 2022ರಲ್ಲಿ ಅಮೆರಿಕದ ಕೆನಲ್ ಕ್ಲಬ್ ಕೂಡ ಮುಡಿಯನ್ನು ಪೂರ್ಣವಾಗಿ ಅಂಗೀಕರಿಸಿತು.

ಆದರೆ ಮನ್ನಣೆಯಿಂದ ಮಾತ್ರ ತಳಿ ಉಳಿಯದು. ಮಂದೆಯ ಕೆಲಸವಿಲ್ಲದ ಕಡೆ ಜನ ರೂಪ ನೋಡಿ ಮರಿಗಳನ್ನು ಆರಿಸುತ್ತಾರೆ. ಶತಮಾನಗಳ ಆಯ್ಕೆಯಿಂದ ಬಂದ ಗುಣ ಕೆಲವೇ ತಲೆಮಾರುಗಳಲ್ಲಿ ಮಸುಕಾಗಬಹುದು. ನಾಯಿಗೂ ಕಷ್ಟವೇ. ಕೆಲಸವಿಲ್ಲದ ಮುಡಿ ಓಡುವ ಮಕ್ಕಳನ್ನು, ಸೈಕಲ್ಲುಗಳನ್ನು ಅಟ್ಟುತ್ತದೆ; ದಿನವಿಡೀ ಬೊಗಳುತ್ತದೆ. ಚಿತ್ರ ನೋಡಿ ಮರಿ ಬೇಕೆಂದು ಮಕ್ಕಳು ಹಟ ಹಿಡಿದರೆ, ಯಾವುದೇ ತಳಿಯಿರಲಿ, ‘ಇದನ್ನು ಯಾವ ಕೆಲಸಕ್ಕೆ ಬೆಳೆಸಿದ್ದರು?’ ಎಂದು ಪೋಷಕರು ಮೊದಲು ಕೇಳುವುದು ಒಳ್ಳೆಯದು. ವಿದೇಶಗಳಲ್ಲಿ ಕೆಲವರು ಮುಡಿಗೆ ಅಡೆತಡೆ ದಾಟುವ ಆಟ, ಅವಶೇಷಗಳಡಿ ಸಿಲುಕಿದವರನ್ನು ಹುಡುಕುವ ತರಬೇತಿ ಕೊಟ್ಟು ಹೊಸ ಕೆಲಸ ಒದಗಿಸಿದ್ದಾರೆ.

ಹೊರ್ತೊಬಾಜ್‌ನ ದಾರಿ ಇನ್ನೂ ಸರಳ. ಅಲ್ಲಿ ಬೂದು ಬಣ್ಣದ, ಉದ್ದ ಕೊಂಬಿನ ದನಗಳೂ ತಿರುಚು ಕೊಂಬಿನ ರಾಟ್ಸ್ಕಾ ಕುರಿಗಳೂ ಇಂದಿಗೂ ಮೇಯುತ್ತವೆ. ಅವು ಮೇಯುವುದರಿಂದ ಹುಲ್ಲು ಹದವಾಗಿರುತ್ತದೆ. ನಮ್ಮ ಎರೆಭೂತದ ಬಂಧುವಾದ ಬಸ್ಟರ್ಡ್ ಹಕ್ಕಿಗೆ ಬಯಲು ನೆಲೆಯಾಗಿ ಉಳಿಯುತ್ತದೆ. ಮಂದೆ ಇರುವ ತನಕ ಅದನ್ನು ನಡೆಸುವ ನಾಯಿಗೂ ಕೆಲಸವಿದೆ. ದೆಬ್ರೆತ್ಸೆನ್‌ನಿಂದ ಇಲ್ಲಿಗೆ ರೈಲು ಸಂಪರ್ಕವಿದೆ. ಆಗಸ್ಟ್‌ನಲ್ಲಿ ಹೋದವರು ಕಲ್ಲುಸೇತುವೆಯ ಬಳಿ ನಡೆಯುವ ಜಾತ್ರೆಯನ್ನೂ ನೋಡಬಹುದು.