ಪರ್ಕಳದ ಅಂಗಳದಲ್ಲಿ ಹಾಯಿಮರ

ಪರ್ಕಳವು ಕಡಲೂರಲ್ಲ. ಉಡುಪಿಯಿಂದ ಮೂಡಮುಖವಾಗಿ ಹೊರಟು, ಮಣಿಪಾಲದ ಮುರಕಲ್ಲ ಗುಡ್ಡವನ್ನು ಹತ್ತಿ, ಹಿರಿಯಡ್ಕ ಹೆಬ್ರಿಗಳನ್ನು ಹಾದು ಆಗುಂಬೆಯ ಘಟ್ಟಕ್ಕೆ ಹೋಗತಕ್ಕ ಹೆದ್ದಾರಿಯ ಮೇಲೆ ಅದೊಂದು ಪೇಟೆ. ಮಹಾಲಿಂಗೇಶ್ವರ ದೇವಾಲಯ, ಅಂಗಡಿಸಾಲು, ತೆಂಗಿನ ತೋಟ, ಎಡೆಬಿಡದೆ ಓಡುವ ಬಸ್ಸುಗಳು. ಇಷ್ಟರಲ್ಲಿ ಹಡಗಿನ ಸುದ್ದಿಗೆ ಎಡೆಯೆಲ್ಲಿ? ಆದರೂ ಕಳೆದ ಚಳಿಗಾಲದಲ್ಲಿ ಒಂದು ತಿಂಗಳ ಪರ್ಯಂತ ನಮ್ಮ ಅಂಗಳದಲ್ಲಿ ಹದಿನೆಂಟು ಅಡಿಯ ಹಾಯಿಮರವೊಂದು ಹಗ್ಗಗಳನ್ನು ಇಳಿಬಿಟ್ಟುಕೊಂಡು ನಿಂತಿತ್ತು. ದಾರಿಹೋಕರು ಬೇಲಿಯ ಬಳಿ ನಿಂತು, "ಮಾಷ್ಟ್ರೇ, ಗುಡ್ಡೆಗೆ ನೆರೆ ಬರ್ತದಾ?" ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಈ ಬರಹ.

ಮಣಿಪಾಲದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಸ್ವರ್ಣಾನದಿಯು ತೆಂಗುಗಳ ನಡುವೆ ಬಳುಕುತ್ತ ಪಡುವಲಿಗೆ ಹರಿಯುವುದು ಕಾಣುತ್ತದೆ. ಅದು ಕಲ್ಯಾಣಪುರವನ್ನು ಹಾದು, ಕೋಡಿಬೆಂಗ್ರೆಯ ಬಳಿ ಸೀತಾನದಿಯನ್ನು ಕೂಡಿಕೊಂಡು ಸಮುದ್ರವನ್ನು ಸೇರುವುದು. ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಗಳ ಮಾರ್ಗವಾಗಿ ಹೋದರೆ ನೆಲವು ಕಿರಿದಾಗುತ್ತ ಆಗುತ್ತ, ಎಡಕ್ಕೆ ಕಡಲು ಬಲಕ್ಕೆ ಹೊಳೆ ಎಂಬಷ್ಟು ಸಪೂರವಾಗುತ್ತದೆ. ನದಿಯ ಆಚೆಗೆ ಹಂಗಾರಕಟ್ಟೆ. ಹಳೆಯ ಬಂದರು, ಈಗಲೂ ಅಲ್ಲಿ ಹಡಗು ಕಟ್ಟುವ ಅಂಗಳವುಂಟು. ಇವೆರಡರ ನಡುವಣ ವಿಸ್ತಾರವಾದ ನೀರಿನಲ್ಲಿಯೇ ನಮ್ಮ ಹಳೆಯ ಶಿಷ್ಯನೊಬ್ಬನ ಹಾಯಿದೋಣಿ ಇರುವುದು. ಅವನಿಗೆ ಮಣಿಪಾಲದಲ್ಲಿ ಉದ್ಯೋಗ. ಭಾನುವಾರಗಳಲ್ಲಿ ಮಾತ್ರ ನಾವಿಕ.

ಹಾಯಿ ಈ ಕರಾವಳಿಗೆ ಹೊಸದೇನೂ ಅಲ್ಲ. 1950ರ ದಶಕದ ಕೊನೆಗೆ ಯಂತ್ರದ ದೋಣಿಗಳು ಬರತೊಡಗುವ ಮೊದಲು ಮೀನುಗಾರರು ನಸುಕಿನಲ್ಲಿ ನೆಲದ ಕಡೆಯಿಂದ ಬೀಸುವ ತಣ್ಣಗಿನ ಗಾಳಿಯನ್ನು ಹಿಡಿದು ಕಡಲಿಗಿಳಿಯುತ್ತಿದ್ದರು. ಮಧ್ಯಾಹ್ನದ ಪಡುಗಾಳಿಯೇ ಅವರನ್ನು ಮನೆಗೆ ತರುತ್ತಿತ್ತು. ಸರಕು ಹೊರುವ ಪತ್ತೆಮಾರಿಗಳಲ್ಲಿ ಕೂವೆಮರವು ಗಿಡ್ಡವಾಗಿ ಮುಂದಕ್ಕೆ ಬಾಗಿರುತ್ತಿತ್ತು; ಅದರ ನೆತ್ತಿಯಿಂದ ಬಹು ಉದ್ದವಾದ ಓರೆಮರವೊಂದನ್ನು ತೂಗಬಿಟ್ಟು ಅದಕ್ಕೆ ಹಾಯಿಯನ್ನು ಬಿಗಿಯುತ್ತಿದ್ದರು. ಗಾಳಿಯು ಮಗ್ಗುಲು ಬದಲಾಯಿಸಿದರೆ ಆ ಓರೆಮರವನ್ನೇ ಕೂವೆಯ ಮುಂಗಡೆಯಿಂದ ಸುತ್ತಿಸಿ ಆಚೆಗೆ ಒಯ್ಯಬೇಕು. ಅದು ಒಬ್ಬಿಬ್ಬರಿಂದ ಆಗತಕ್ಕ ಕೆಲಸವಲ್ಲ. ಹಾಯಿಯನ್ನು ಆಳುವುದಕ್ಕಾಗಿಯೇ ಆಳುಗಳು ಬೇಕಾಗಿದ್ದರು. 13ನೆಯ ಶತಮಾನದಲ್ಲಿ ಮಲ್ಪೆಯ ಮುಂದೆ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಶ್ರೀಮಧ್ವಾಚಾರ್ಯರು ಉತ್ತರೀಯದ ಸೆರಗನ್ನು ಬೀಸಿ ದಡಕ್ಕೆ ತಂದರೆಂಬ ಐತಿಹ್ಯವನ್ನು ವಾಚಕರೆಲ್ಲರೂ ಬಲ್ಲರು. ದ್ವಾರಕೆಯಿಂದ ಬಂದ ಆ ಹಡಗಿನ ಗೋಪೀಚಂದನದ ಗಡ್ಡೆಯಲ್ಲಿಯೇ ಉಡುಪಿಯ ಕೃಷ್ಣನು ದೊರೆತದ್ದು. ಆಚಾರ್ಯರಿಲ್ಲದ ನಾವಿಕರಿಗೆ ಹಗ್ಗವೇ ಗತಿ.

ಡಿಸೆಂಬರಿನ ಒಂದು ಮಧ್ಯಾಹ್ನ ನಾವು ಶಿಷ್ಯನ ಸಂಗಡ ದೋಣಿಯಲ್ಲಿ ಕುಳಿತೆವು. ಹದಿನಾರು ಅಡಿಯ ಮರದ ದೋಣಿ. ಒಂದೇ ದೊಡ್ಡ ಹಾಯಿ, ಸುಮಾರು 90 ಚದರಡಿ. ಹಾಯಿಯ ಬುಡಕ್ಕೆ ಒಂದು ಅಡ್ಡಮರ. ಹಾಯಿಯನ್ನೆತ್ತುವ ಹಗ್ಗವು ಕೂವೆಯ ನೆತ್ತಿಯ ಕಪ್ಪಿಯ ಮೇಲಿನಿಂದ ಬಂದು ಕೂವೆಯ ಬುಡದಲ್ಲಿಯೇ ಕಟ್ಟಲ್ಪಟ್ಟಿತ್ತು. ಚುಕ್ಕಾಣಿಯಿರುವುದು ಹಿಂದೆ, ಹಗ್ಗವಿರುವುದು ಮುಂದೆ. ಈ ಏರ್ಪಾಟಿನ ಕೇಡು ಮೂರು ಗಂಟೆಯ ಮೇಲೆ ನಮಗೆ ತಿಳಿಯಿತು. ಗಾಳಿ ಏಕಾಏಕಿ ಬಲಿಯಿತು. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಣ ಒತ್ತಡವು ನಾಲ್ಮಡಿಯಾಗುವುದೆಂಬುದು ಲೆಕ್ಕದ ಪುಸ್ತಕದಲ್ಲಿ ಸಾಧುವಾದ ಮಾತು. ದೋಣಿಯ ಅಂಚು ನೀರನ್ನು ಮುಟ್ಟಿದಾಗ ಸಾಧುವಲ್ಲ. ಶಿಷ್ಯನು ಚುಕ್ಕಾಣಿಯನ್ನು ನಮ್ಮ ಕೈಗೆ ಕೊಟ್ಟು, "ಹೀಗೇ ಹಿಡ್ಕೊಳ್ಳಿ, ಸರ್" ಎಂದು ತೆವಳಿಕೊಂಡು ಮುಂದೆ ಹೋದನು. ನಾವು ಹಾಗೇ ಹಿಡಿದೆವೋ ಹೀಗೆ ಹಿಡಿದೆವೋ, ದೋಣಿ ತಿರುಗಿತು. ಅಡ್ಡಮರ ಅವನ ತಲೆಯ ಮೇಲಿನಿಂದ ಗೇಣಿನಂತರದಲ್ಲಿ ಹಾದುಹೋಯಿತು. ಹಾಯಿ ಅರ್ಧ ಇಳಿದು ನಿಂತಿತು. ಹಗ್ಗದ ಗಂಟೊಂದು ನೆತ್ತಿಯ ಕಪ್ಪಿಯಲ್ಲಿ ಸಿಕ್ಕಿಕೊಂಡಿತ್ತು.

ಆಗ ಇಳಿತದ ಹೊತ್ತು. ಗಾಳಿ ಒಳಕ್ಕೆ ನೂಕುತ್ತಿದ್ದರೆ ನೀರು ಹೊರಕ್ಕೆ ಎಳೆಯುತ್ತಿತ್ತು. ಇವೆರಡೂ ಇದಿರುಬದಿರಾದ ಅಳಿವೆಯ ಬಾಯಲ್ಲಿ ತೆರೆಗಳು ಕಡಿದಾಗಿ ಎದ್ದು ಬಿಳಿದಾಗಿ ಮುರಿಯುವುದು ನಮಗೆ ಕಾಣುತ್ತಿತ್ತು. ಲಂಗರು ಎರಡು ಸಲ ಜಾರಿ ಮೂರನೆಯ ಸಲ ಹಿಡಿಯಿತು. ಯಂತ್ರದ ದೋಣಿಯಲ್ಲಿ ಬಂದ ಮೊಗವೀರ ಹಿರಿಯರೊಬ್ಬರು ನಮ್ಮನ್ನು ಎಳೆದುಕೊಂಡು ದಡಕ್ಕೆ ತಂದರು. ಹಣವನ್ನು ಮುಟ್ಟಲಿಲ್ಲ. "ಮಾಷ್ಟ್ರೇ, ಪಟ ಏರಿಸುದು ದೊಡ್ಡ ಸಂಗತಿಯಲ್ಲ. ಇಳಿಸ್ಲಿಕ್ಕೆ ಗೊತ್ತುಂಟಾ, ಅದನ್ನು ಹೇಳಿ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಸುದ್ದಿಗೆ ಕಾಲುಂಟು. ಮರುದಿನವೇ ಶಿಷ್ಯನ ತಾಯಿ ನಮ್ಮ ಜಗಲಿಗೆ ಬಂದರು. "ನಿಮ್ಮ ಮಾತಾದ್ರೆ ಅವ ಕೇಳ್ತಾನೆ. ಆ ದೋಣಿ ಮಾರ್ಲಿಕ್ಕೆ ಹೇಳಿ, ಮಾಷ್ಟ್ರೇ" ಎಂದರು. ಅವರಿಗಿರುವುದು ಅವನೊಬ್ಬನೇ ಮಗ. ಬಹಳ ಹೊತ್ತು ಮಾತಾಡಿ ಒಂದು ಕರಾರಿಗೆ ಬಂದೆವು: ಹಾಯಿಯೆಂದರೇನೆಂದು ಅರಿಯದ, ಅರುವತ್ತು ತುಂಬಿದ ನಾವು, ಕುಳಿತಲ್ಲಿಂದ ಏಳದೆ, ಹತ್ತು ಎಣಿಸುವುದರೊಳಗೆ ಹಾಯಿಯನ್ನು ಇಳಿಸಲು ಸಾಧ್ಯವಾದರೆ ದೋಣಿ ಉಳಿಯುವುದು, ಇಲ್ಲವಾದರೆ ಮಾರಾಟ. ನೋಡತಕ್ಕವರು ಅವರೇ.

ಹೀಗಾಗಿ ಕೂವೆ, ಅಡ್ಡಮರ, ಹಾಯಿಗಳು ಟೆಂಪೋವಿನ ಮೇಲೆ ಪರ್ಕಳಕ್ಕೆ ಬಂದುವು. ಅಂಗಳದಲ್ಲಿ ಗುಂಡಿ ತೋಡಿ ಕೂವೆಯನ್ನು ನಿಲ್ಲಿಸಿ, ಏಳಡಿ ದೂರದಲ್ಲಿ ಚುಕ್ಕಾಣಿಗನ ಪೀಠವೆಂದು ಹಳೆಯ ಬೆಂಚೊಂದನ್ನು ಇಟ್ಟೆವು. ಅಮರಕೋಶದಲ್ಲಿ ಕೂಪಕಕ್ಕೆ ಗುಣವೃಕ್ಷಕವೆಂದೂ ಹೆಸರು: ಹಗ್ಗಗಳ ಮರ. ಮೂವತ್ತು ವರುಷ ಮಕ್ಕಳಿಂದ ಇದನ್ನು ಬಾಯಿಪಾಠ ಮಾಡಿಸಿದೆವು. ಗುಣವೆಂದರೆ ಕೈಯನ್ನು ಸುಡುವ ವಸ್ತುವೆಂದು ಈಗ ತಿಳಿಯಿತು.

ಮೊದಲನೆಯ ಕೆಲಸ ಎತ್ತುವ ಹಗ್ಗದ್ದು. ಗಂಟುಬಿದ್ದ ಹಳೆಯದನ್ನು ಎಸೆದು, ಎಳೆದರೆ ಹಿಗ್ಗದ 8 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗವನ್ನು ತಂದೆವು. ನೆತ್ತಿಯ ಕಪ್ಪಿಗೆ ಅದಕ್ಕೆ ತಕ್ಕ ಅಗಲದ ಗಾಲಿಯನ್ನು ಹಾಕಿದೆವು. ಹಗ್ಗವು ಕೂವೆಯೊಳಗೆ ನಿಲ್ಲದೆ, ಬುಡದ ಇನ್ನೊಂದು ಕಪ್ಪಿಯಲ್ಲಿ ತಿರುಗಿ ಬೆಂಚಿನವರೆಗೆ ಬಂದಿತು. ಅಲ್ಲಿ ಅದನ್ನು ಹಿಡಿಯಲು ಹಲ್ಲುಗಳುಳ್ಳ ಎರಡು ಕೆನ್ನೆಗಳ ಹಿಡಿ. ಹಗ್ಗವನ್ನು ನಮ್ಮ ಕಡೆಗೆಳೆದರೆ ಬಿಡುತ್ತದೆ, ಆಚೆಗೆ ಸರಿದರೆ ಕಚ್ಚುತ್ತದೆ, ಮೇಲಕ್ಕೆ ಎತ್ತಿದರೆ ಕೂಡಲೆ ಬಾಯಿಬಿಡುತ್ತದೆ. ಮೊದಲ ಪ್ರಯತ್ನದಲ್ಲಿ ಒಂದು ಕಪ್ಪಿ ಹೆಚ್ಚಾಗಿ, ಪ್ರತಿಯೊಂದು ತಿರುವಿನಲ್ಲಿಯೂ ಉಜ್ಜುವಿಕೆ ಕೂಡಿ, ಹಾಯಿಯು ಎಷ್ಟು ಎಳೆದರೂ ಏರದಾಯಿತು. ತಿರುವೊಂದನ್ನು ಕಳೆದಮೇಲೆ ಸರಿಯಾಯಿತು.

ಹಗ್ಗ ಬಿಟ್ಟಮಾತ್ರಕ್ಕೆ ಹಾಯಿ ಇಳಿಯಬೇಕೆಂದಿಲ್ಲ. ಗಾಳಿ ಅದನ್ನು ಕೂವೆಗೆ ಅಂಟಿಸಿ ಹಿಡಿಯುತ್ತದೆ. ಆದುದರಿಂದ ಹಾಯಿಯ ನೆತ್ತಿಗೆ ಸಪೂರವಾದ ಇನ್ನೊಂದು ಹಗ್ಗವನ್ನು ಕಟ್ಟಿ, ಅದನ್ನೂ ಬೆಂಚಿಗೆ ತಂದೆವು. ಇದು ಇಳಿಹಗ್ಗ. ಹಾಯಿಯ ಅಂಚಿನಲ್ಲಿ ಕೂವೆಯ ಗಾಡಿಯೊಳಗೆ ಜಾರುವ ಬಿಲ್ಲೆಗಳಿಗೆ ಮೇಣದಬತ್ತಿಯನ್ನು ತಿಕ್ಕಿದೆವು. ತೆಂಗಿನೆಣ್ಣೆ ಹಚ್ಚೋಣವೆಂದದ್ದು ನಮ್ಮ ಸಲಹೆ. ಅದಕ್ಕೆ ಹೊಯಿಗೆ ಅಂಟಿ ಎರಡು ದಿನ ಹಾಳಾದುವು.

ಇಳಿದ ಹಾಯಿ ಮೈಮೇಲೆ ಬೀಳಬಾರದಷ್ಟೆ. ಕೂವೆಯ ಮೇಲುಭಾಗದಿಂದ ಅಡ್ಡಮರದ ಎರಡು ಮಗ್ಗುಲಿಗೂ ಕವಲೊಡೆದ ಹುರಿಗಳನ್ನು ಇಳಿಬಿಟ್ಟರೆ ಹಾಯಿ ಅವುಗಳ ನಡುವೆ ತೊಟ್ಟಿಲಲ್ಲಿ ಮಲಗಿದಂತೆ ಮಡಿಯುವುದು. ಇದು ಬಹಳ ಸೊಗಸು, ಆದರೆ ಏರಿಸುವಾಗ ಹಾಯಿಯ ಪಟ್ಟಿಗಳು ಈ ಹುರಿಗಳಿಗೆ ಸಿಕ್ಕಿಕೊಳ್ಳುತ್ತವೆ. ಏರಿಸುವಾಗ ಹುರಿಗಳನ್ನು ಸಡಿಲಿಸಿ ಕೂವೆಯ ಕಡೆಗೆ ಸರಿಸಿಕೊಳ್ಳಬೇಕೆಂದು ಶಿಷ್ಯನು ಕಂಡುಕೊಂಡನು. ಅಡ್ಡಮರವೇ ಕುಸಿಯದಂತೆ ಅದರ ತುದಿಗೆ ನೆತ್ತಿಯಿಂದ ತೂಗುಹಗ್ಗವೊಂದುಂಟು.

ಗಾಳಿ ಬಲಿತಾಗ ಪೂರ್ಣ ಇಳಿಸುವುದರ ಬದಲು ಹಾಯಿಯ ಕೆಳಭಾಗವನ್ನು ಮಡಚುವ ಏರ್ಪಾಟೂ ಆಯಿತು. ಒಂದು ಹಗ್ಗವನ್ನೆಳೆದರೆ 90 ಚದರಡಿ 60ಕ್ಕೆ ಇಳಿಯುವುದು. ಅಡ್ಡಮರವನ್ನು ಒಳಕ್ಕೆಳೆಯುವ ಹಗ್ಗವನ್ನು ಕಪ್ಪಿಗಳಲ್ಲಿ ನಾಲ್ಕು ಎಳೆಯಾಗಿ ಹಾಯಿಸಿದೆವು. ಉಜ್ಜುವಿಕೆಯನ್ನು ಬಿಟ್ಟರೆ ಕಾಲುಭಾಗ ಬಲ ಸಾಕು. ಆದರೆ ಮರವು ಮೂರಡಿ ಸರಿಯಲು ಹನ್ನೆರಡಡಿ ಹಗ್ಗವನ್ನು ಎಳೆಯಬೇಕು. ಪುಕ್ಕಟೆ ಏನೂ ಇಲ್ಲ.

ಈಗ ಬೆಂಚಿನ ಬಳಿ ಹಗ್ಗಗಳ ಹಾವಿನಹುತ್ತವೇ ಆಯಿತು. ನಮ್ಮ ಕಣ್ಣಿಗೆ ಎಲ್ಲವೂ ಬಿಳಿ. ಎತ್ತುವುದಕ್ಕೆ ಕೆಂಪು, ಇಳಿಸುವುದಕ್ಕೆ ನೀಲಿ, ಮಡಚುವುದಕ್ಕೆ ಹಸುರು ಎಂದು ಗೊತ್ತುಮಾಡಿದ ಮೇಲೆಯೇ ನಮಗೆ ಧೈರ್ಯ ಬಂದದ್ದು.

ಪರೀಕ್ಷೆಯ ದಿನ ಆ ತಾಯಿ ಜಗಲಿಯಲ್ಲಿ ಕುಳಿತರು. ಪಡುಗಾಳಿ ಗುಡ್ಡಕ್ಕೆ ಏರಿ ಬರುವ ಹೊತ್ತು ನೋಡಿ ಹಾಯಿ ಎತ್ತಿದೆವು. ಅವರು ಎಣಿಸತೊಡಗಿದರು. ಮೊದಲ ಸಲ ನಾವು ಕೆಂಪನ್ನು ಬಿಡದೆ ನೀಲಿಯನ್ನೆಳೆದೆವು. ಹತ್ತು ಕಳೆದು ಹದಿನೈದಾಯಿತು. ಶಿಷ್ಯನ ಮುಖ ಬಾಡಿತು. "ಇನ್ನೊಂದು ಸಲ" ಎಂದವರು ತಾಯಿಯೇ. ಎರಡನೆಯ ಸಲ ಏಳಕ್ಕೆ ಹಾಯಿ ತೊಟ್ಟಿಲಲ್ಲಿತ್ತು. ಅವರು ಏನೂ ಅನ್ನದೆ ನಮ್ಮ ಮನೆಯಾಕೆಯೊಡನೆ ಒಳಗೆ ಚಾ ಕುಡಿಯಲು ಹೋದರು.

ಜನವರಿಯ ಕೊನೆಗೆ ಪುನಃ ಕೋಡಿಬೆಂಗ್ರೆಗೆ ಹೋದೆವು, ಈ ಸಲ ಭರತದ ಹೊತ್ತನ್ನು ನೋಡಿಕೊಂಡು. ಹಂಗಾರಕಟ್ಟೆಯ ಕಡೆಗೆ ಅರ್ಧ ದೂರ ಹೋಗುವಷ್ಟರಲ್ಲಿ ಗಾಳಿ ಬಲಿಯಿತು. ಶಿಷ್ಯನು ದೋಣಿಯ ಮೂತಿಯನ್ನು ಗಾಳಿಯ ಇದಿರಿಗೆ ತಿರುಗಿಸಿದನು. ಹಾಯಿ ಬಲಗುಂದಿ ಪಟಪಟನೆ ಬಡಿಯಿತು. ನಾವು ಕೆಂಪನ್ನು ಸ್ವಲ್ಪ ಬಿಟ್ಟು ಹಸುರನ್ನು ಎಳೆದೆವು. ಇಬ್ಬರೂ ಕುಳಿತಲ್ಲಿಂದ ಏಳಲಿಲ್ಲ. ದಡದಲ್ಲಿ ಬಲೆ ಹೆಣೆಯುತ್ತಿದ್ದ ಅದೇ ಹಿರಿಯರು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿ, ಮತ್ತೆ ಬಲೆಗೆ ತಲೆ ಬಾಗಿಸಿದರು.

ಅಂಗಳದ ಗುಂಡಿಯನ್ನು ಮುಚ್ಚಬೇಕಾಗಿ ಬರಲಿಲ್ಲ. ಅಲ್ಲಿ ಮನೆಯಾಕೆಯು ಬಸಳೆಯ ಚಪ್ಪರಕ್ಕೆ ಕಂಬವನ್ನು ನೆಡಿಸಿರುವಳು. ಕಟ್ಟಿದ ಹಗ್ಗ ನಮ್ಮ ಹಳೆಯದೇ.