ಹೆಪ್ಪು ಸಾಲ ಸಿಗುತ್ತೆ, ಲೆಕ್ಕ ಸಿಗಲ್ಲ

2025ರ ಜೂನ್, ಒಂದು ಶನಿವಾರ. ಬೆಳಿಗ್ಗೆ ಎಂಟೂವರೆಗೆ ಮಾವನ ಫೋನ್.

"ಪುಟ್ಟಿ, ಮಿಷಿನ್ನು ನೀಲಿಗಾಗಿ ಕುಂತದೆ ಕಣವ್ವ. ಏನ್ ಒತ್ತುದ್ರೂ ಅಲ್ಲಾಡ್ತಿಲ್ಲ. ಮೂರೂ ಅಂಗಡೀಲಿ ಜನ ನಿಂತವ್ರೆ."

ಮಾವ ಅಂದರೆ ನಮ್ಮಮ್ಮನ ತಮ್ಮ. ಹಾಸನದಲ್ಲಿ ಬಿತ್ತನೆ ಬೀಜ, ಔಷಧಿಯ ಗೋಡೌನ್ ಇಟ್ಟುಕೊಂಡಿದ್ದಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಅಂಗಡಿ. ಮೂರೂ ಕಡೆಯ ಬಿಲ್ಲು, ಸ್ಟಾಕು, ರೈತರ ಉದ್ರಿ ಲೆಕ್ಕ ಎಲ್ಲ ಇರೋದು ಗೋಡೌನ್ ಮೂಲೆಯ ಒಂದೇ ಒಂದು ಸರ್ವರ್‌ನಲ್ಲಿ. ಐದು ವರ್ಷದ ಹಿಂದೆ ಅದನ್ನು ಅಲ್ಲಿ ಕೂರಿಸಿದವಳು ನಾನೇ. ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡೂ ಸರ್ವರ್ ನೋಡಿಕೊಳ್ಳೋದೇ.

ವಾಟ್ಸಾಪ್‌ನಲ್ಲಿ ಫೋಟೋ ಬಂತು. ನೀಲಿ ಪರದೆ. ಬೇಕಾದ ಫೈಲೊಂದು ಇಲ್ಲ ಅಥವಾ ಕೆಟ್ಟಿದೆ ಅನ್ನುವ ಸಂದೇಶ, ಕೆಳಗೆ ಫೈಲಿನ ಹೆಸರು: ವಿನ್‌ಲೋಡ್. ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸನ್ನು ನಿದ್ದೆಯಿಂದ ಎಬ್ಬಿಸೋ ಫೈಲ್ ಅದು. ಅದಿಲ್ಲದಿದ್ದರೆ ಉಳಿದ ಲಕ್ಷ ಫೈಲುಗಳಿದ್ದೂ ಪ್ರಯೋಜನವಿಲ್ಲ. ಬಾಗಿಲ ಕೀ ಕಳೆದುಹೋದ ಮನೆಯ ಹಾಗೆ; ಒಳಗೆ ಎಲ್ಲ ಇದೆ, ಹೋಗೋಕೆ ದಾರಿ ಇಲ್ಲ.

"ಇಲ್ಲೊಬ್ಬ ಹುಡುಗ ಫಾರ್ಮ್ಯಾಟ್ ಹೊಡ್ದು ಹೊಸ್ದಾಗಿ ಹಾಕ್ಕೊಡ್ತೀನಿ ಅಂತವ್ನೆ" ಅಂದರು ಮಾವ.

"ಮಾವ, ಯಾರೂ ಮುಟ್ಟಬೇಡಿ. ನಾನೇ ಬರ್ತೀನಿ."

ಆಲೂಗಡ್ಡೆ ಬಿತ್ತನೆ ಮುಗೀತಾ ಬಂದಿದ್ದ ಸಮಯ. ಮುಸುಕಿನ ಜೋಳದ ಬೀಜಕ್ಕೆ ನೂಕುನುಗ್ಗಲು. ಮಳೆ ಬಿದ್ದ ಮೇಲೆ ರೈತ ಸರ್ವರ್‌ಗೋಸ್ಕರ ಕಾಯ್ತಾನಾ? ಬಸ್ಸು ಚನ್ನರಾಯಪಟ್ಟಣಕ್ಕೆ ಬಂದಾಗ ಅಲ್ಲಿನ ಅಂಗಡಿ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕ, ಬಿಲ್ ಬುಕ್ ಮುಗೀತು. ಮಕ್ಕಳ ನೋಟ್‌ಬುಕ್ಕಲ್ಲಿ ಬರೀತಾ ಇದೀನಿ" ಅಂದ.

ನನಗೆ ನೆನಪಾಗಿದ್ದು 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ತಂತ್ರಾಂಶದ ಒಂದು ತಪ್ಪು ಫೈಲು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟಿದ್ದರು. ಅಲ್ಲಿ ಬೇಡದ ಫೈಲೊಂದು ಬಂದು ಸೇರಿತ್ತು, ಇಲ್ಲಿ ಬೇಕಾದ ಫೈಲೊಂದು ಹೋಗಿತ್ತು. ಪಾಡು ಮಾತ್ರ ಒಂದೇ, ಪೆನ್ನು ಹಿಡಿಯೋದು.

ಗೋಡೌನ್ ತಲುಪಿ ಮೊದಲು ನೋಡಿದ್ದು ಯುಪಿಎಸ್. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಕರೆಂಟು ಹೋದಾಗೆಲ್ಲ ಸರ್ವರ್ ದಬಕ್ಕಂತ ಆಫ್ ಆಗಿದೆ. ಡಿಸ್ಕಿಗೂ ವಯಸ್ಸಾಗಿದೆ. ಕಾರಣ ಅಲ್ಲೇ ಸಿಕ್ಕಿತು.

ಎರಡನೇದಾಗಿ ನೋಡಿದ್ದು ಬ್ಯಾಕಪ್ ಡಿಸ್ಕ್. ನನ್ನ ಎದೆ ಧಸಕ್ ಅಂದಿದ್ದು ಆಗ. ಅದರ ಪ್ಲಗ್ಗಿನ ಜಾಗದಲ್ಲಿ ಯಾರದೋ ಮೊಬೈಲ್ ಚಾರ್ಜರ್ ಇತ್ತು. ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಕೊನೆಯ ಬ್ಯಾಕಪ್ 14 ತಿಂಗಳ ಹಳೆಯದು. ಬ್ಯಾಕಪ್ ನಿಂತರೆ ಮೇಲ್ ಬರಲಿ ಅಂತ ನಾನೇ ಸೆಟ್ ಮಾಡಿದ್ದೆ. ಮೇಲ್ ಬರ್ತಾನೂ ಇತ್ತು, ನಾನು ತೆರೆಯೋದನ್ನೇ ಬಿಟ್ಟ ಒಂದು ಹಳೇ ಐಡಿಗೆ. "ಬ್ಯಾಕಪ್ ಹೋಗ್ತಾ ಇರುತ್ತೆ ಬಿಡಿ ಮಾವ" ಅಂತ ಪ್ರತಿ ಯುಗಾದಿಗೂ ಹೇಳಿದ್ದೆನಲ್ಲ, ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಮಾವನಿಗೆ ಹೇಳಲೇಬೇಕಿತ್ತು. ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು.

"ಸಾಲ ಹೋದ್ರೆ ಹೋಗ್ಲಿ. ಜನ ನಾನೇ ಬೇಕಂತ ಲೆಕ್ಕ ತಿರುಚಿದೆ ಅನ್ಕೊಂಡ್ರೆ ಏನ್ ಮಾಡ್ಲಿ?"

ಬೈದಿದ್ದರೆ ವಾಸಿಯಿತ್ತು.

ಇಂಥ ಹೊತ್ತಲ್ಲಿ ಎಲ್ಲರೂ ಮಾಡೋ ತಪ್ಪು ಒಂದೇ: ಮೊದಲು ರಿಪೇರಿಗೆ ಕೈ ಹಾಕೋದು. ಡಿಸ್ಕ್ ನರಳ್ತಾ ಇರುವಾಗ ರಿಪೇರಿ ಮಾಡಹೋದರೆ ಇದ್ದದ್ದೂ ಹೋಗಬಹುದು. ಹಾಗಾಗಿ ವಿಂಡೋಸ್ ಸರ್ವರ್ 2016ರ ಇನ್‌ಸ್ಟಾಲೇಶನ್ ಪೆನ್‌ಡ್ರೈವಿನಿಂದ ಸರ್ವರ್ ಎಬ್ಬಿಸಿ, ಇನ್‌ಸ್ಟಾಲ್ ಒತ್ತದೆ, ಮೂಲೆಯಲ್ಲಿರೋ 'ರಿಪೇರ್' ಆರಿಸಿ, ಕಮಾಂಡ್ ಪ್ರಾಂಪ್ಟ್‌ಗೆ ಹೋದೆ. ಅಲ್ಲಿ ಒಂದು ಮೋಸವಿದೆ. ನಾವು ದಿನಾ ನೋಡೋ ಸಿ ಡ್ರೈವ್ ಅಲ್ಲಿ ಡಿ ಆಗಿರಬಹುದು. ನಮ್ಮದೂ ಆಗಿತ್ತು. ಸರಿಯಾಗಿ ಗುರುತಿಸಿಕೊಂಡು, ಲೆಕ್ಕದ ಫೋಲ್ಡರನ್ನು ಹೊಸ ಡಿಸ್ಕಿಗೆ ಕಾಪಿ ಹಾಕಿದೆ. ನಲವತ್ತು ನಿಮಿಷ. ನಡುವೆ ಎರಡು ಸಲ ನಿಂತೇಹೋಯಿತು ಅನ್ನಿಸಿತು. ಅತ್ತೆ ಕಾಫಿ ತಂದಿಟ್ಟಿದ್ದು ಆರಿ ತಣ್ಣಗಾಯಿತು. ಕೊನೆಗೆ ಎಲ್ಲ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕುರ್ಚಿಗೆ ಒರಗಿದ್ದು.

ಆಮೇಲೆ ರಿಪೇರಿ. ಚೆಕ್‌ಡಿಸ್ಕ್ ಓಡಿಸಿ, ನಂತರ ಎಸ್‌ಎಫ್‌ಸಿ. ಕೆಟ್ಟ ಸಿಸ್ಟಮ್ ಫೈಲುಗಳನ್ನು ವಿಂಡೋಸ್ ತನ್ನದೇ ಉಗ್ರಾಣದಿಂದ ತೆಗೆದು ಬದಲಿಸೋ ಸಲಕರಣೆ ಅದು. ಉಗ್ರಾಣದ ಹೆಸರು ವಿನ್‌ಎಸ್‌ಎಕ್ಸ್‌ಎಸ್. ಆದರೆ ಉಗ್ರಾಣಕ್ಕೇ ಹುಳ ಬಿದ್ದಿತ್ತು. ಕೆಲವು ಫೈಲು ಸರಿಮಾಡಲಾಗಲಿಲ್ಲ ಅಂತ ಬಂತು. ಉಗ್ರಾಣ ಸರಿಮಾಡೋಕೆ ಡಿಸ್ಮ್ ಅನ್ನೋ ಇನ್ನೊಂದು ಸಲಕರಣೆ ಇದೆ. ಅದಕ್ಕೆ ಒಳ್ಳೆಯ ಫೈಲುಗಳ ಮೂಲ ತೋರಿಸಬೇಕು. ಪೆನ್‌ಡ್ರೈವ್ ತೋರಿಸಿದೆ, ಒಪ್ಪಲಿಲ್ಲ. ನಮ್ಮ ಸರ್ವರ್‌ಗೆ ವರ್ಷಗಳಿಂದ ಅಪ್‌ಡೇಟ್ ಬಿದ್ದು ಒಳಗಿನ ಫೈಲುಗಳು ಮುಂದೆ ಹೋಗಿದ್ದವು. ಪೆನ್‌ಡ್ರೈವಿನಲ್ಲಿದ್ದದ್ದು 2016ರಲ್ಲಿ ಹೊರಬಂದಾಗಿನ ಹಳೇ ಸರಕು.

ಹಾಸನದಲ್ಲೇ ಒಂದು ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳೋ ನನ್ನ ಕಾಲೇಜು ಗೆಳತಿಗೆ ಫೋನ್ ಮಾಡಿದೆ. ಅವಳ ಹತ್ತಿರ ಅದೇ ಆವೃತ್ತಿ, ಹೆಚ್ಚುಕಡಿಮೆ ಅದೇ ಅಪ್‌ಡೇಟಿನ ಸರ್ವರ್ ಇತ್ತು. ಅವರ ಸಾಹೇಬರನ್ನು ಕೇಳಿ ಆ ಉಗ್ರಾಣದ ಫೋಲ್ಡರನ್ನು ಡಿಸ್ಕಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಬಂದಳು.

"ಏನ್ ತಂದ್ಲು ಆ ಹುಡ್ಗಿ?" ಅಂದರು ಅತ್ತೆ.

"ಹೆಪ್ಪು ಅತ್ತೆ. ನಮ್ಮನೇದು ಕೆಟ್ಟೋಗಿತ್ತು."

ಅತ್ತೆಗೆ ತಕ್ಷಣ ಅರ್ಥವಾಯಿತು.

ಈ ಸಲ ಡಿಸ್ಮ್ ಒಪ್ಪಿತು. ಮತ್ತೆ ಎಸ್‌ಎಫ್‌ಸಿ, ಮತ್ತೆ ರೀಸ್ಟಾರ್ಟ್. ಸಂಜೆ ಆರೂಕಾಲಿಗೆ ಲಾಗಿನ್ ಪರದೆ ಕಂಡಾಗ ಮಾವ ಗೋಡೆಯ ಮೇಲಿನ ನರಸಿಂಹಸ್ವಾಮಿ ಪಟಕ್ಕೆ ಕೈ ಮುಗಿದರು. ನಾನೂ ಮುಗಿದೆ.

ರಾತ್ರಿ ನೋಟ್‌ಬುಕ್ಕಿನ ಬಿಲ್ಲುಗಳನ್ನು ಸರ್ವರ್‌ಗೆ ಏರಿಸುತ್ತಾ ಕೂತಾಗ ಅರಕಲಗೂಡಿನ ಹುಡುಗ ಒಂದು ಸಂಗತಿ ಹೇಳಿದ. ಹಳೇ ಬಾಕಿ ಎಷ್ಟಂತ ನೋಡಲಾಗದೆ ಅವನು ಒದ್ದಾಡ್ತಿದ್ದಾಗ, ವಯಸ್ಸಾದ ರೈತರೊಬ್ಬರು "ನನ್ ಬಾಕಿ ನಂಗೊತ್ತದೆ, ಬರ್ಕೊ ಮಗ" ಅಂತ ತಾವೇ ಹೇಳಿ ಬರೆಸಿದ್ದರಂತೆ. ಸರ್ವರ್‌ನಲ್ಲಿ ತೆಗೆದು ನೋಡಿದೆವು. ಐವತ್ತು ರೂಪಾಯಿ ಹೆಚ್ಚೇ ಹೇಳಿದ್ದರು. ಮಾವ ಏನೂ ಮಾತಾಡಲಿಲ್ಲ. ಮಾರನೇ ದಿನ ಅವರಿಗೆ ಫೋನ್ ಮಾಡಿ ತಿದ್ದಿದರು.

ಆ ದಿನ ನನಗೆ ಗಟ್ಟಿಯಾದದ್ದು ಇಷ್ಟು. ಸಿಸ್ಟಮ್ ಫೈಲು ಹೆಪ್ಪಿನ ಹಾಗೆ. ಎಲ್ಲರ ಮನೇದೂ ಒಂದೇ, ಪಕ್ಕದ ಮನೆಯಿಂದ ತಂದರೂ ಮೊಸರಾಗುತ್ತೆ. ಆದರೆ ಮಾವನ ಉದ್ರಿ ಲೆಕ್ಕ ಜಗತ್ತಿನ ಬೇರೆ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ನಾನು ಹುಷಾರಾಗಿ ಕಾಪಾಡಬೇಕಿದ್ದದ್ದು ಅದನ್ನು. ಅದನ್ನೇ ಮರೆತಿದ್ದೆ.

ಈಗ ಯುಪಿಎಸ್‌ಗೆ ಹೊಸ ಬ್ಯಾಟರಿ, ಸರ್ವರ್‌ಗೆ ಹೊಸ ಡಿಸ್ಕ್ ಬಂದಿದೆ. ಬ್ಯಾಕಪ್ ಎರಡು ಕಡೆ ಹೋಗುತ್ತೆ, ಒಂದು ಗೋಡೌನಿನಲ್ಲಿ, ಇನ್ನೊಂದು ಹೊಳೆನರಸೀಪುರದ ಅಮ್ಮನ ಮನೆಯಲ್ಲಿ. ನಿಂತರೆ ಮೇಲ್ ನನಗೂ ಬರುತ್ತೆ, ಮಾವನಿಗೂ ಬರುತ್ತೆ. ತಿಂಗಳ ಮೊದಲ ಶನಿವಾರ ಬ್ಯಾಕಪ್ಪಿನಿಂದ ಒಂದು ಫೈಲು ವಾಪಸ್ ತೆಗೆದು ತೆರೆದು ನೋಡ್ತೀನಿ. ನಮ್ಮ ಹಾಸನಾಂಬೆಯ ಗುಡಿ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ. ಹಿಂದಿನ ವರ್ಷ ಹಚ್ಚಿದ ದೀಪ ಉರಿಯುತ್ತಲೇ ಇರುತ್ತೆ ಅನ್ನೋದು ಭಕ್ತರ ನಂಬಿಕೆ. ಅದು ತಾಯಿಯ ಮಹಿಮೆ. ಬ್ಯಾಕಪ್ ಡಿಸ್ಕಿಗೆ ಅಂಥ ಮಹಿಮೆ ಇಲ್ಲ, ಆಗಾಗ ತೆರೆದು ನೋಡಲೇಬೇಕು.

ನಿಮ್ಮಪ್ಪನ ಅಂಗಡಿಗೋ, ಅಕ್ಕನ ಟ್ಯೂಷನ್ ಸೆಂಟರಿಗೋ ನೀವೂ ಕಂಪ್ಯೂಟರ್ ಕೂರಿಸಿಕೊಟ್ಟು ಬೆಂಗಳೂರಿಗೆ ಬಂದಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಊಟಕ್ಕೆ ಕೂರೋ ಮೊದಲು ಆ ಪ್ಲಗ್ ಪಾಯಿಂಟ್ ಒಂದ್ಸಲ ನೋಡಿ. ಅಲ್ಲಿ ಚುಚ್ಚಿರೋದು ಮೊಬೈಲ್ ಚಾರ್ಜರ್ ಆಗಿರಬಹುದು.